ಪಿನಾಕಿನಿಯ ದಡದಿಂದ ಸಭಾಮಂದಿರಕ್ಕೆ

ತುಮಕೂರು ಜಿಲ್ಲೆಯ ನಕ್ಷೆಯನ್ನು ಹರಡಿಕೊಂಡು ನೋಡುವವರಿಗೆ ಉತ್ತರದ ಕೊನೆಯಲ್ಲಿ ಒಂದು ವಿಚಿತ್ರ ಕಂಡುಬರುತ್ತದೆ. ಪಾವಗಡ ತಾಲ್ಲೂಕು ಒಡಹುಟ್ಟಿದವರೊಡನೆ ಮುನಿಸಿಕೊಂಡ ಹಾಗೆ ತನ್ನ ಜಿಲ್ಲೆಯಿಂದ ಕಳಚಿಕೊಂಡು ದೂರ ನಿಂತಿದೆ. ಮಧುಗಿರಿಗೂ ಅದಕ್ಕೂ ನಡುವೆ ಆಂಧ್ರದ ಮಡಕಶಿರಾ ಸೀಮೆ ಅಡ್ಡ ಮಲಗಿದೆ. ಪಾವಗಡಕ್ಕೆ ಕನ್ನಡ ನಾಡಿನೊಡನೆ ನೆಲದ ನಂಟು ಉಳಿದಿರುವುದು ಚಿತ್ರದುರ್ಗದ ಕಡೆಯಿಂದ ಮಾತ್ರ. ಉಳಿದ ದಿಕ್ಕುಗಳೆಲ್ಲ ತೆಲುಗು ನಾಡೇ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಹೊರಟ ಬಸ್ಸು ರಾಜ್ಯವನ್ನು ದಾಟಿ, ಮತ್ತೆ ರಾಜ್ಯವನ್ನು ಹೊಕ್ಕು ಪಾವಗಡವನ್ನು ಸೇರುತ್ತದೆ. ಅಂಗಡಿಯ ಫಲಕಗಳ ಅಕ್ಷರ ಬದಲಾದುದನ್ನು ಗಮನಿಸದಿದ್ದರೆ ಪ್ರಯಾಣಿಕನಿಗೆ ಗಡಿ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಅದೇ ಬಂಡೆ, ಅದೇ ಕಡಲೆಕಾಯಿ ಹೊಲ, ಮಳೆಯನ್ನು ಎದುರು ನೋಡುವ ಅದೇ ಆಕಾಶ.

ಈ ತಾಲ್ಲೂಕಿನ ಪೂರ್ವದ ಮಗ್ಗುಲಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿರುವ ಊರು ನಾಗಲಮಡಿಕೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಸಿದ ಒಂದು ಮಾತು. ಇಲ್ಲಿನ ಜನರಿಗೆ ಇದರಲ್ಲಿ ಯಾವ ತೊಡಕೂ ಇಲ್ಲ. ಆಸ್ತಿಕರಿಗೆ ಈ ಊರಿನ ಹೆಸರು ಸುಬ್ರಹ್ಮಣ್ಯಸ್ವಾಮಿಯಿಂದ ಪರಿಚಿತ. ಕುಕ್ಕೆಯದು ಆದಿ ಸುಬ್ರಹ್ಮಣ್ಯ, ಘಾಟಿಯದು ಮಧ್ಯ ಸುಬ್ರಹ್ಮಣ್ಯ, ನಾಗಲಮಡಿಕೆಯದು ಅಂತ್ಯ ಸುಬ್ರಹ್ಮಣ್ಯ ಎಂಬ ಗಣನೆಯುಂಟು. ಸ್ಥಳದ ಐತಿಹ್ಯ ಸರಳವಾದುದು, ಸೊಗಸಾದುದು. ಈ ಸೀಮೆಯ ಭಕ್ತನೊಬ್ಬನು ವರ್ಷವರ್ಷವೂ ಘಟ್ಟವಿಳಿದು ಕುಕ್ಕೆಯ ರಥೋತ್ಸವಕ್ಕೆ ಹೋಗುತ್ತಿದ್ದನಂತೆ. ಮುಪ್ಪು ಬಂತು, ಕಾಲು ಸೋತವು. ಇನ್ನು ನೀನು ಬರಬೇಕಾಗಿಲ್ಲ, ನಾನೇ ನೀನಿದ್ದಲ್ಲಿಗೆ ಬರುತ್ತೇನೆಂದು ಸ್ವಾಮಿಯು ಅಭಯವಿತ್ತು ಪಿನಾಕಿನಿಯ ದಡದಲ್ಲಿ ನಾಗಶಿಲೆಯಾಗಿ ದೊರೆತನಂತೆ. ಪುಷ್ಯ ಶುದ್ಧ ಷಷ್ಠಿಯ ತೇರಿನ ದಿನ ಎರಡು ನಾಡುಗಳ ಜನರೂ ಇಲ್ಲಿ ನೆರೆಯುತ್ತಾರೆ.

ದೇವರೇನೋ ಭಕ್ತನ ಕಷ್ಟ ಕಂಡು ನಡೆದು ಬಂದನು. ಆದರೆ ಸರ್ಕಾರದ ಸಂಗತಿ ಬೇರೆ. ಸರ್ಕಾರದ ಕಿವಿಗೆ ಒಂದು ಮಾತು ಹಾಕಬೇಕಾದರೆ ಈ ಸೀಮೆಯವರೇ ಹೊರಟು ಹೋಗಬೇಕಾಗಿತ್ತು. ಆ ದಾರಿ ಮೊದಲು ತೆರೆದದ್ದು ೧೮೮೧ರ ದಸರೆಯಲ್ಲಿ. ಕೊನೆ ಮುಟ್ಟಿದ್ದು ಮೈಸೂರಿನಲ್ಲಿ.

ಆ ವರ್ಷದ ಮಾರ್ಚ್ ೨೫ರಂದು ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಮೈಸೂರು ಸಂಸ್ಥಾನ ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತ್ತು. ಕೈಗೆ ಬಂದದ್ದು ನೊಂದ ನಾಡು. ೧೮೭೬ರಿಂದ ೧೮೭೮ರವರೆಗಿನ ಮಹಾ ಕ್ಷಾಮ ಸಂಸ್ಥಾನದ ಬೆನ್ನೆಲುಬನ್ನೇ ಮುರಿದಿತ್ತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷ ದಾಟಿದ್ದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕಿಂತ ಕೆಳಗಿಳಿಯಿತು. ಮಳೆಯನ್ನೇ ನಂಬಿದ ಬಯಲು ಸೀಮೆಯ ತಾಲ್ಲೂಕುಗಳು ಎಂಥ ದಿನಗಳನ್ನು ಕಂಡಿರಬೇಕೆಂಬುದನ್ನು ಈ ಅಂಕಿಗಳ ಹಿಂದೆ ಓದಿಕೊಳ್ಳಬೇಕು.

ದಿವಾನ್ ಸಿ. ವಿ. ರಂಗಾಚಾರ್ಲು ಅವರು ಇಂಥ ಸಮಯದಲ್ಲಿ ಕೈಗೊಂಡ ಕ್ರಮ ಅಂದಿನ ಹಿಂದೂಸ್ಥಾನದ ಯಾವ ಸಂಸ್ಥಾನದಲ್ಲಿಯೂ ಕಂಡಿರದಂಥದು. ಆಗಸ್ಟ್ ತಿಂಗಳಲ್ಲಿ ಹುಕುಂ ಹೊರಟಿತು: ಲೋಕಲ್ ಫಂಡ್ ಬೋರ್ಡುಗಳವರು ಒಂದೊಂದು ತಾಲ್ಲೂಕಿನಿಂದಲೂ ತಿಳಿವಳಿಕೆಯುಳ್ಳ, ಜನರ ನಡುವೆ ಮಾತು ನಡೆಯುವ ಒಬ್ಬರು ಅಥವಾ ಇಬ್ಬರು ರೈತರನ್ನು ಆರಿಸಿ ಕಳುಹಿಸಬೇಕು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಕೂಡ ಬರಬೇಕು. ದಸರೆ ಮುಗಿದೊಡನೆ ಸರ್ಕಾರವು ಕಳೆದ ವರ್ಷ ಮಾಡಿದ್ದನ್ನೂ ಮುಂದೆ ಮಾಡಲಿರುವುದನ್ನೂ ಅವರ ಮುಂದಿಡುತ್ತದೆ; ಅವರು ತಮ್ಮ ಅಹವಾಲನ್ನು ಹೇಳಿಕೊಳ್ಳಬಹುದು. ೧೮೮೧ರ ಅಕ್ಟೋಬರ್ ೭ರಂದು ೧೪೪ ಮಂದಿ ಸೇರಿದರು. ಅದೇ ಪ್ರಜಾಪ್ರತಿನಿಧಿ ಸಭೆಯ ಮೊದಲ ಬೈಠಕ್ಕು.

ಪಾವಗಡದಂಥ ಗಡಿ ತಾಲ್ಲೂಕಿನಿಂದ ಹೊರಟವನ ಪ್ರಯಾಣವನ್ನು ಒಂದಿಷ್ಟು ಊಹಿಸಿಕೊಳ್ಳಬೇಕು. ಪಿನಾಕಿನಿಯ ದಡದಿಂದ ಮೈಸೂರಿಗೆ ಇನ್ನೂರು ಮೈಲಿಯ ಸಮೀಪ. ಬೆಂಗಳೂರು-ಮೈಸೂರು ರೈಲು ಓಡಿದ್ದು ಮರುವರ್ಷ, ೧೮೮೨ರಲ್ಲಿ; ತುಮಕೂರಿಗೆ ರೈಲು ಬಂದದ್ದು ಇನ್ನೂ ಆಮೇಲೆ. ಆದ್ದರಿಂದ ಆ ಮೊದಲ ವರ್ಷ ಎತ್ತಿನ ಗಾಡಿಯೇ ಗತಿ. ಬುತ್ತಿ ಕಟ್ಟಿಕೊಂಡು, ಛತ್ರಗಳಲ್ಲಿ ತಂಗುತ್ತ, ರುಮಾಲನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡು ವಾರಕ್ಕೂ ಹೆಚ್ಚು ಕಾಲ ನಡೆಯಬೇಕಾದ ಯಾತ್ರೆ. ಕುಕ್ಕೆಗೆ ಹೊರಟ ಭಕ್ತನಿಗೆ ಪುಣ್ಯದ ಭರವಸೆಯಾದರೂ ಇತ್ತು. ಅಮಲ್ದಾರರ ಮುಂದೆ ಕೈಕಟ್ಟಿ ನಿಂತು ಬಂದ ರೈತನು ಅಮಲ್ದಾರರ ಮೇಲಿನವರ ಮೇಲಿನವರಾದ ದಿವಾನರ ಎದುರಿಗೆ ಎದ್ದು ನಿಂತು ತನ್ನ ಊರಿನ ಕೆರೆ ಒಡೆದ ಸಂಗತಿಯನ್ನು ಹೇಳುವುದೆಂದರೆ ಎಂಥ ಅನುಭವವಾಗಿರಬೇಡ!

ಆದರೆ ಆ ಸಭೆಗೆ ಬಾಯಿ ಇತ್ತು, ಕೈ ಇರಲಿಲ್ಲ. ದಿವಾನರ ಭಾಷಣವಾಗುತ್ತಿತ್ತು. ಜಿಲ್ಲೆ ಜಿಲ್ಲೆಯ ಸರದಿಯಂತೆ ಪ್ರತಿನಿಧಿಗಳು ಅರಿಕೆಗಳನ್ನು ಸಲ್ಲಿಸುತ್ತಿದ್ದರು: ಕಂದಾಯದ ವಜಾ, ಕೆರೆಯ ರಿಪೇರಿ, ದನ ಮೇಯಲು ಗೋಮಾಳ, ಅರಣ್ಯ ಇಲಾಖೆಯವರ ಕಿರುಕುಳ, ರಸ್ತೆ, ಬಾವಿ. ದಿವಾನರು ಕೆಲವಕ್ಕೆ ಒಪ್ಪುತ್ತಿದ್ದರು, ಕೆಲವನ್ನು ಪರಿಶೀಲಿಸುವೆವೆನ್ನುತ್ತಿದ್ದರು. ಮತಕ್ಕೆ ಹಾಕುವ ಮಾತಿಲ್ಲ. ಕಾಯಿದೆ ಮಾಡುವ ಅಧಿಕಾರವಂತೂ ಮೊದಲೇ ಇಲ್ಲ. ರಂಗಾಚಾರ್ಲು ಅವರು ೧೮೮೩ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರಿನ ಸ್ಮಾರಕ ಭವನ ಮೈಸೂರಿನ ಪುರಭವನವಾಗಿ ಇಂದಿಗೂ ನಿಂತಿದೆ. ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಪ್ರತಿನಿಧಿಗಳನ್ನು ಚುನಾಯಿಸುವ ಹಕ್ಕು ಬಂತು. ಯಾರಿಗೆ? ಇಂತಿಷ್ಟು ಕಂದಾಯ ಕಟ್ಟುವವರಿಗೆ, ಪದವೀಧರರಿಗೆ. ಹೊಲವಿಲ್ಲದವನ ಕಷ್ಟವನ್ನು ಹೊಲವಿದ್ದವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಾಯಿಗೂ ಕೈಗೂ ಇರುವ ಅಂತರವೇನೆಂಬುದನ್ನು ನಾಗಲಮಡಿಕೆ ಮುಂದಿನ ವರ್ಷವೇ ಕಂಡಿತು. ಕಂಡಿತೆನ್ನುವುದಕ್ಕಿಂತ, ತನಗರಿವಿಲ್ಲದೆ ಅನುಭವಿಸತೊಡಗಿತೆನ್ನುವುದು ಸರಿ. ೧೮೯೨ರ ಫೆಬ್ರವರಿ ೧೮ರಂದು ಮೈಸೂರು ಸರ್ಕಾರಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಕಾವೇರಿಯ ವ್ಯಾಜ್ಯದಿಂದಾಗಿ ಈ ಒಪ್ಪಂದದ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದರ ಪಟ್ಟಿಯಲ್ಲಿ ಕಾವೇರಿಯೊಂದೇ ಅಲ್ಲ, ತುಂಗಭದ್ರೆ, ವೇದಾವತಿ, ಪಾಲಾರ್, ದಕ್ಷಿಣ ಪಿನಾಕಿನಿಗಳೊಡನೆ ಉತ್ತರ ಪಿನಾಕಿನಿಯೂ ಇದೆಯೆಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಈ ನದಿಗಳಿಗೆ ಅಡ್ಡಲಾಗಿ ಮೈಸೂರಿನವರು ಹೊಸ ಜಲಾಶಯವನ್ನು ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಮೊದಲು ಬೇಕು. ಹಳೆಯದನ್ನು ರಿಪೇರಿ ಮಾಡಿಕೊಳ್ಳಬಹುದು, ಹೊಸದಕ್ಕೆ ಕೇಳಬೇಕು.

ನಂದಿಯ ಬೆಟ್ಟಗಳಲ್ಲಿ ಹುಟ್ಟಿದ ಪಿನಾಕಿನಿ ಗೌರಿಬಿದನೂರನ್ನು ಹಾಯ್ದು, ಹಿಂದೂಪುರದ ಬಳಿ ಆಂಧ್ರಕ್ಕೆ ಹೊರಳಿ, ಅಲ್ಲಿ ದೇವರಾಯನದುರ್ಗದಿಂದ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ನೀರನ್ನು ಹೊತ್ತು ತರುವ ಜಯಮಂಗಲಿಯನ್ನು ಕೂಡಿಕೊಂಡು, ಮತ್ತೆ ಕನ್ನಡ ನಾಡಿಗೆ ಬಂದು ನಾಗಲಮಡಿಕೆಯನ್ನು ಮುಟ್ಟಿ, ಮತ್ತೊಮ್ಮೆ ಆಂಧ್ರಕ್ಕೆ ಹೋಗುತ್ತದೆ. ಅನಂತಪುರ, ಕಡಪ, ನೆಲ್ಲೂರುಗಳನ್ನು ದಾಟಿ ಕಡಲನ್ನು ಸೇರುವ ವೇಳೆಗೆ ಸುಮಾರು ೬೦೦ ಕಿಲೋಮೀಟರ್ ಹರಿದಿರುತ್ತದೆ. ಇಂಥ ನದಿಗೆ ಒಡೆಯರು ಯಾರೆಂದು ನಿರ್ಣಯಿಸುವುದು ಸುಲಭವಲ್ಲ. ಕೆಳಗಿನವರಿಗೂ ನ್ಯಾಯವಾದ ಪಾಲುಂಟು. ಆದರೆ ನಿರ್ಣಯಿಸಿದ ರೀತಿಯನ್ನು ನೋಡಬೇಕು. ದಸರೆಗೆ ದಸರೆಗೆ ಮೈಸೂರಿನಲ್ಲಿ ಸೇರಿ ಕೆರೆಬಾವಿಗಳ ಮಾತನ್ನಾಡುತ್ತಿದ್ದ ಸಭೆಯ ಒಪ್ಪಿಗೆಯನ್ನು ಈ ಒಪ್ಪಂದಕ್ಕೆ ಕೇಳಬೇಕಾದ ಪ್ರಮೇಯವೇ ಇರಲಿಲ್ಲ. ಆಚೆಯ ದಡದಲ್ಲಿ ಅನಂತಪುರದ ರೈತನಿಗೂ ಮದರಾಸಿನಲ್ಲಿ ಅದೇ ಗತಿ. ಎರಡು ಕಚೇರಿಗಳ ನಡುವೆ ಕಾಗದ ಓಡಾಡಿತು. ನದಿಯ ಎರಡು ದಡದವರೂ ಆಮೇಲೆ ತಿಳಿದುಕೊಂಡರು. ಕಾಲಾಂತರದಲ್ಲಿ ಕೆಳಗೆ, ಪೇರೂರಿನ ಬಳಿ, ದೊಡ್ಡ ಅಣೆಕಟ್ಟೆ ಎದ್ದಿತು.

ಮುಂದಿನ ಬೆಳವಣಿಗೆಯನ್ನು ಬೇಗ ಬೇಗ ಹೇಳಿಬಿಡಬಹುದು. ೧೯೦೭ರಲ್ಲಿ, ದಿವಾನ್ ಮಾಧವರಾಯರ ಕಾಲದಲ್ಲಿ, ಕಾಯಿದೆಗಳ ಕೆಲಸಕ್ಕೆಂದು ನ್ಯಾಯವಿಧಾಯಕ ಸಭೆ ಬಂದಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೭ರಿಂದ, ಪ್ರತಿನಿಧಿ ಸಭೆ ವರ್ಷಕ್ಕೆ ಎರಡು ಸಲ ಸೇರತೊಡಗಿತು. ತತ್ತ್ವಜ್ಞಾನಿ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯ ಸಲಹೆಯ ಮೇಲೆ ೧೯೨೩ರಲ್ಲಿ ಎರಡು ಸಭೆಗಳಿಗೂ ಕಾಯಿದೆಯ ಬುನಾದಿ ಬಿತ್ತು. ಹೊಸ ತೆರಿಗೆಯ ವಿಚಾರದಲ್ಲಿಯೂ ಹೊಸ ಕಾಯಿದೆಯ ವಿಚಾರದಲ್ಲಿಯೂ ಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಲೇಬೇಕೆಂದಾಯಿತು. ಹೆಂಗಸರಿಗೂ ಮತದ ಬಾಗಿಲು ತೆರೆಯಿತು. ಆದರೂ ಕೊನೆಯ ಮಾತು ದಿವಾನರದೇ. ಅವರು ಸಭೆಗೆ ಉತ್ತರ ಹೇಳುತ್ತಿದ್ದರೇ ಹೊರತು ಸಭೆಗೆ ಅಧೀನರಾಗಿರಲಿಲ್ಲ.

ದೂರದ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶಗಳಾದಾಗ ಅಲ್ಲಿಯೂ ಹಳೆಯ ಸಭಾಮಂದಿರಗಳನ್ನು ಹೊಸ ಪಾರ್ಲಿಮೆಂಟುಗಳಾಗಿ ಮಾಡಿಕೊಳ್ಳುವ ಪ್ರಯತ್ನ ನಡೆಯಿತು. ಒಕ್ಕೂಟದ ಕಾಲದ ಸುಪ್ರೀಂ ಸೋವಿಯತ್ತುಗಳು ವರ್ಷದಲ್ಲಿ ಕೆಲವೇ ದಿನ ಸೇರಿ ಎಲ್ಲರೂ ಒಟ್ಟಿಗೆ ಕೈಯೆತ್ತಿ ಚದುರುತ್ತಿದ್ದವು. ಮೈಸೂರಿನ ಸಭೆಯಲ್ಲಿ ಮಾತಿತ್ತು, ಮತವಿರಲಿಲ್ಲ; ಅಲ್ಲಿ ಮತವಿತ್ತು, ಮಾತಿರಲಿಲ್ಲ. ಎಸ್ಟೋನಿಯದವರು ೧೯೯೨ರಲ್ಲಿ ಜನಮತದಿಂದ ಸಂವಿಧಾನವನ್ನು ಅಂಗೀಕರಿಸಿ, ೧೦೧ ಮಂದಿಯ ರೀಗಿಕೋಗುವನ್ನು ಚುನಾಯಿಸಿ, ಸರ್ಕಾರವನ್ನು ಅದಕ್ಕೆ ಹೊಣೆಯಾಗಿಸಿದರು. ಕಜಾಕ್‌ಸ್ತಾನದಲ್ಲಿ ೧೯೯೫ರ ಸಂವಿಧಾನ ಎರಡು ಸದನಗಳ ಪಾರ್ಲಿಮೆಂಟನ್ನು ತಂದರೂ ಅಧಿಕಾರವೆಲ್ಲ ಅಧ್ಯಕ್ಷರ ಬಳಿಯೇ ಉಳಿಯಿತು. ಮಂದಿರವೂ ಪೀಠಗಳೂ ಎಲ್ಲ ಕಡೆಯೂ ದೊರೆಯುತ್ತವೆ. ಬೊಕ್ಕಸದ ಬೀಗದ ಕೈ ಯಾರ ಸೊಂಟದಲ್ಲಿದೆಯೆಂಬುದೇ ಪ್ರಶ್ನೆ.

ಮೈಸೂರಿನಲ್ಲಿ ಆ ಪ್ರಶ್ನೆ ಏಳುವುದಕ್ಕೆ ಇದೇ ಪಿನಾಕಿನಿಯ ಮೇಲ್ದಡದಲ್ಲಿ ರಕ್ತ ಹರಿಯಬೇಕಾಯಿತು. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥವೂ ನಾಗಲಮಡಿಕೆಯಂತೆ ನಾಗಕ್ಷೇತ್ರವೇ. ಮಹಾಭಾರತದ ವಿದುರನೇ ನೆಟ್ಟನೆಂದು ಪ್ರತೀತಿಯಿದ್ದ ಅಶ್ವತ್ಥದ ಸುತ್ತ ಹರಕೆಯ ನಾಗರಕಲ್ಲುಗಳು ಸಾವಿರಗಟ್ಟಲೆ ನಿಂತಿವೆ. ಮರವು ೨೦೦೧ರಲ್ಲಿ ಉರುಳಿತು. ೧೯೩೮ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಬಿಸಿ ಸಂಸ್ಥಾನದಲ್ಲೆಲ್ಲ ಹಬ್ಬಿತ್ತು. ಏಪ್ರಿಲ್ ೨೫ರಂದು ನಿಷೇಧವನ್ನು ಮೀರಿ ವಿದುರಾಶ್ವತ್ಥದ ತೋಪಿನಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರ್ಕಾರದ ಲೆಕ್ಕ. ಮೂವತ್ತಕ್ಕೂ ಹೆಚ್ಚೆಂದು ಜನರ ಲೆಕ್ಕ. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ವಿಚಾರಣೆ ನಡೆಸಿತು. ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂದು ಒಡಂಬಡಿಕೆಯಾಯಿತು. ಐವತ್ತೇಳು ವರ್ಷಗಳಿಂದ ಸಭೆ ನಡೆದು ಬಂದ ಸಂಸ್ಥಾನದಲ್ಲಿ, ಆ ಸಭೆಯೊಳಗೆ ಇತ್ಯರ್ಥವಾಗದ ಪ್ರಶ್ನೆ ಒಂದು ತೋಪಿಗೆ ಬಂದು ನಿಂತಿತೆಂಬುದನ್ನು ಮರೆಯಬಾರದು. ಮಾದರಿ ಸಂಸ್ಥಾನವೆಂಬ ಹೊಗಳಿಕೆ ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ.

೧೯೪೦ರ ಕಾಯಿದೆಯಿಂದ ಪ್ರತಿನಿಧಿ ಸಭೆಯ ಸಂಖ್ಯೆ ೩೧೦ಕ್ಕೆ ಏರಿತು. ಸಂಖ್ಯೆ ಏರಿದ ಮಾತ್ರಕ್ಕೆ ಹೊಣೆ ಬರಲಿಲ್ಲ. ದೇಶ ಸ್ವತಂತ್ರವಾದ ಮೇಲೆ ಕೂಡ ಮೈಸೂರಿನಲ್ಲಿ ಜನ ಬೀದಿಗಿಳಿದು ‘ಮೈಸೂರು ಚಲೋ’ ಚಳವಳಿಯನ್ನು ನಡೆಸಬೇಕಾಯಿತು. ೧೯೪೭ರ ಅಕ್ಟೋಬರ್ ಕೊನೆಯಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ೧೯೪೯ರ ಡಿಸೆಂಬರ್ ೧೬ರಂದು ರಂಗಾಚಾರ್ಲು ಅವರ ಸಭೆ ವಿಸರ್ಜಿತವಾಯಿತು. ಅರವತ್ತೆಂಟು ವರ್ಷ ಬಾಳಿತು. ೧೯೫೨ರಲ್ಲಿ ಪ್ರಾಪ್ತವಯಸ್ಕರೆಲ್ಲರ ಮತದಿಂದ ೯೯ ಸ್ಥಾನಗಳ ವಿಧಾನಸಭೆ ಬಂತು. ಕಂದಾಯದ ರಸೀತಿ ತೋರಿಸಬೇಕಾದ ಕಾಲ ಹೋಗಿ, ಕೂಲಿಯವನೂ ಅವನ ಹೆಂಡತಿಯೂ ಗೌಡರೊಡನೆ ಒಂದೇ ಸಾಲಿನಲ್ಲಿ ನಿಂತು ಚೀಟಿ ಹಾಕುವ ಕಾಲ ಬಂತು. ಹಿಂದೆ ಭೂಮಿ ಇದ್ದವರೇ ಪ್ರತಿನಿಧಿಗಳಾಗುತ್ತಿದ್ದ ಪಾವಗಡ ಇಂದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಈ ದಾರಿಯ ಉದ್ದವನ್ನು ಮೈಲಿಗಳಿಂದ ಅಳೆಯಲಾಗದು.

೧೯೫೬ರಲ್ಲಿ ಭಾಷೆಗನುಸಾರವಾಗಿ ರಾಜ್ಯಗಳನ್ನು ಮತ್ತೆ ಜೋಡಿಸಿದಾಗಲೂ ಹಳೆಯ ಮೈಸೂರಿನದಾದ ಪಾವಗಡ ಮೈಸೂರಿನಲ್ಲಿಯೇ ಉಳಿಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕೆಂಗಲ್ ಹನುಮಂತಯ್ಯನವರ ಕನಸಾದ ವಿಧಾನಸೌಧ ಪೂರ್ತಿಯಾಗಿ, ಶಾಸಕರು ಅಠಾರಾ ಕಚೇರಿಯ ಕೆಂಪು ಕಟ್ಟಡದಿಂದ ಕಲ್ಲಿನ ಅರಮನೆಗೆ ರಸ್ತೆ ದಾಟಿ ಬಂದರು. ಬೆಂಗಳೂರಿಗೆ ಬಂದ ಪಾವಗಡದ ಸಂಸಾರಸ್ಥರು ಮಕ್ಕಳಿಗೆ ಆ ಮೆಟ್ಟಿಲುಗಳನ್ನು ತೋರಿಸದೆ ಹಿಂದಿರುಗುವುದುಂಟೆ? ೧೯೫೭ರಲ್ಲಿ ಸ್ಥಾನಗಳು ೨೦೮, ಈಗ ೨೨೪.

ಊರಿಗೇ ಸಭೆ ಬಂದದ್ದು ಮಾತ್ರ ತಡವಾಗಿ. ಪಂಚಾಯತಿಗಳು ಹಿಂದೆಯೂ ಇದ್ದವು. ಅವಕ್ಕೆ ಕಸುವು ತುಂಬಿದ್ದು ೧೯೮೩ರ ಕಾಯಿದೆ ಮತ್ತು ೧೯೮೭ರ ಚುನಾವಣೆ. ಹೆಂಗಸರಿಗೆ ನೂರಕ್ಕೆ ೨೫ ಸ್ಥಾನಗಳು ಮೀಸಲಾದವು. ಅದರ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದವರು. ಪಾವಗಡದಂಥ ಸೀಮೆಯಲ್ಲಿ ಆ ಹೆಸರಿಗಿಂತ ದೊಡ್ಡ ಬಿರುದಿಲ್ಲ. ಆದರೆ ಕೊಳವೆ ಆಳಕ್ಕೆ ಇಳಿದಂತೆ ನೀರಿನಲ್ಲಿ ಫ್ಲೋರೈಡು ಹೆಚ್ಚಿತು. ಮಕ್ಕಳ ಹಲ್ಲು ಕಲೆಗಟ್ಟಿದವು, ಹಿರಿಯರ ಕೀಲುಗಳು ಬಿಗಿದವು. ಶುದ್ಧ ನೀರಿನ ಘಟಕಗಳು ಬಂದವು. ತುಂಗಭದ್ರೆಯ ಹಿನ್ನೀರನ್ನು ಇಷ್ಟು ದೂರ ತರುವ ಯೋಜನೆಯೂ ಬಂತು. ಮೈಸೂರಿನ ಹಳೆಯ ಅರಿಕೆಗಳನ್ನು ತಿರುವಿದವರಿಗೆ ಇಂದಿನ ಗ್ರಾಮಸಭೆಯ ಅರ್ಜಿಗಳು ಹೊಸದಾಗಿ ಕಾಣಲಾರವು. ಕೆರೆ, ಬಾವಿ, ನೀರು.

ಹೊಸದೆಂದರೆ ಸೂರ್ಯ. ನೀರು ಕೊಡದ ಆಕಾಶ ಬಿಸಿಲನ್ನು ಧಾರಾಳವಾಗಿ ಕೊಟ್ಟಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು ೧೩,೦೦೦ ಎಕರೆಯಲ್ಲಿ ಸೌರ ವಿದ್ಯುತ್ತಿನ ಉದ್ಯಾನ ಹರಡಿದೆ. ೨೦೧೮ರಲ್ಲಿ ಉದ್ಘಾಟನೆಯಾಗಿ, ೨೦೧೯ರ ಕೊನೆಗೆ ೨,೦೫೦ ಮೆಗಾವಾಟಿನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ಏರಿನ ಮೇಲೆ ನಿಂತು ನೋಡಿದರೆ ಕಣ್ಣು ಹರಿಯುವವರೆಗೂ ನೀಲಿ. ದೂರದಿಂದ ಬಂದವನು ಕೆರೆ ತುಂಬಿದೆಯೆಂದೇ ಭ್ರಮಿಸುತ್ತಾನೆ. ಇಲ್ಲಿ ಸರ್ಕಾರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ೨೮ ವರ್ಷಗಳ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಷ್ಟು ಏರಿಕೆ. ಕಡಲೆಕಾಯಿ ಬಿತ್ತಿ ಮಳೆಯ ಜೂಜಾಡಿ ಸೋತ ರೈತನಿಗೆ ಇದು ದೊಡ್ಡ ಆಸರೆ. ಭೂಮಿ ಅವನ ಹೆಸರಿನಲ್ಲಿಯೇ ಉಳಿದಿರುವುದು ಸಣ್ಣ ಮಾತಲ್ಲ. ೧೮೯೨ರಲ್ಲಿ ನದಿಯ ವಿಚಾರದಲ್ಲಿ ಯಾರೂ ಅವನ ಅಜ್ಜನ ಮುಂದೆ ಕಾಗದವನ್ನು ಇಟ್ಟು ರುಜು ಕೇಳಿರಲಿಲ್ಲ.

ಆದರೆ ರುಜು ಹಾಕಿದವರು ಪಹಣಿಯಲ್ಲಿ ಹೆಸರುಳ್ಳವರು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಗಾಜಿನ ಹಲಗೆಗಳ ನಡುವೆ ಹುಲ್ಲು ಕೀಳುವ, ಧೂಳು ಒರೆಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ, ಉಳಿದವರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂದಿದೆ. ಅವರಿಗೆ ಮತವುಂಟು, ಗ್ರಾಮಸಭೆಯಲ್ಲಿ ಜಾಗವೂ ಉಂಟು. ಗುತ್ತಿಗೆಯ ಕಾಗದದಲ್ಲಿ ಮಾತ್ರ ಅವರಿಗೆ ಅಂಕಣವಿಲ್ಲ.

ನಾಗಲಮಡಿಕೆಯನ್ನು ನೋಡಬಯಸುವವರು ಪಾವಗಡದಲ್ಲಿ ಇಳಿದು, ಅಲ್ಲಿನ ಕೋಟೆಯ ಬೆಟ್ಟವನ್ನೂ ಶನೀಶ್ವರನ ಗುಡಿಯನ್ನೂ ಕಂಡು ಮುಂದುವರಿಯಬಹುದು. ಪುಷ್ಯಮಾಸದ ತೇರಿಗೆ ಹೋದರೆ ಜನ, ಮಳೆಗಾಲದ ಕೊನೆಗೆ ಹೋದರೆ ನದಿ. ಮಳೆ ಚೆನ್ನಾಗಿ ಬಿದ್ದ ವರ್ಷ ಊರ ಬಳಿಯ ಅಣೆಕಟ್ಟೆಯ ಮೇಲೆ ನೀರು ಹಾರಿ ಹರಿಯುತ್ತದೆ. ಸುತ್ತಲ ಹಳ್ಳಿಯವರು ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ಬೀಳದ ವರ್ಷ ಅಗಲವಾದ ಮರಳಿನ ಪಾತ್ರವನ್ನು ಚಪ್ಪಲಿ ಕಳಚದೆಯೇ ದಾಟಬಹುದು.